ಹಣೆಬರಹ ಅಳಿಸಿಹೋಗದಂತೆ ಹೀಲಿಂಗ್ ಮಾಡಿಸಿಕೊಳ್ಳುವುದು ಹೇಗೆ

ಮೂರನೇ ಕೆಲಸವನ್ನೂ ಸಿಟ್ಟಿನಲ್ಲಿ ಬಿಟ್ಟಿದ್ದೀರಿ. ರಾಯಚೂರಿನ ತಮ್ಮನಿಂದ ಮತ್ತೆ ಸಾಲ ತಂದಿದ್ದೀರಿ. ಇದು 'ಪ್ಯಾಟರ್ನ್' ಎಂದು ಯಾರೋ ಹೇಳಿದ್ದಾರೆ. ಸಂತೋಷ. ಹೈದರಾಬಾದಿನಲ್ಲೇ ಇದ್ದೀರಿ, ಅನುಕೂಲವಾಯಿತು. ಕೆಳಗಿನ ಕ್ರಮ ಪಾಲಿಸಿ. ಮನಸ್ಸಿಗೆ ಶಾಂತಿಯೂ ಸಿಕ್ಕಂತಾಗುತ್ತದೆ, ಪ್ಯಾಟರ್ನೂ ಜೋಪಾನವಾಗಿ ಉಳಿಯುತ್ತದೆ.

1. ಮೊದಲು ಅಗ್ಗದ ದಾರಿಗಳನ್ನು ಮುಚ್ಚಿ. ವೀಸಾ ಕೊಡಿಸುವ ದೇವರೆಂದು ಹೆಸರಾದ ಚಿಲುಕೂರು ಬಾಲಾಜಿಯ ಹತ್ತಿರ ಹೋದರೂ ವೀಸಾಕ್ಕೆ ಮಾತ್ರ ಹೋಗಿ. ಹರಕೆ ಹೊರಲು 11 ಸುತ್ತು, ಈಡೇರಿದ ಮೇಲೆ 108, ಹುಂಡಿಯೇ ಇಲ್ಲ. ದುಡ್ಡು ಮುಟ್ಟದ ದೇವರಿಗೆ ನಿಮ್ಮ ಕಷ್ಟದ ಬೆಲೆ ಹೇಗೆ ಗೊತ್ತಾದೀತು? ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯ ದಿಕ್ಕಿಗೆ ತಲೆ ಹಾಕಿಯೂ ಮಲಗಬೇಡಿ. ಅಲ್ಲಿ 'ಆಗ ನೀವೇನು ಮಾಡಿದಿರಿ?' ಎಂದು ಕೇಳಿಬಿಡುತ್ತಾರೆ. 14416ಕ್ಕೆ ಫೋನೂ ಮಾಡಬೇಡಿ. 2022ರಲ್ಲಿ ಶುರುವಾದ ಈ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ, ಅದೂ ಪುಕ್ಕಟೆ. ಮನೆಮಾತಿನಲ್ಲಿ ಹೇಳಿಕೊಂಡರೆ ಸುಳ್ಳು ಬೇಗ ಸಿಕ್ಕಿಬೀಳುತ್ತದೆ.

2. ಹೀಲರನ್ನು ಆರಿಸಿ. ಮಾದಾಪುರದ ಬಿರಿಯಾನಿ ಹೋಟೆಲಿನ ಮೇಲಿನ ಮಹಡಿಯಾದರೆ ಉತ್ತಮ. ಕಣ್ಣು ಮುಚ್ಚಿ ಕೂತಾಗ ಲ್ಯಾವೆಂಡರ್ ಹೊಗೆಯ ನಡುವೆ ಹುರಿದ ಈರುಳ್ಳಿಯ ವಾಸನೆ ಬಂದರೆ ಅದನ್ನು 'ಮೂಲಾಧಾರದ ಜಾಗೃತಿ' ಎಂದು ಬರೆದುಕೊಳ್ಳಿ. ಕ್ಯೂಆರ್ ಕೋಡ್ ಕಂಚಿನ ಬಟ್ಟಲಿನ ಪಕ್ಕದಲ್ಲೇ ಇರುತ್ತದೆ. ಮೊದಲ ನಮಸ್ಕಾರ ಅದಕ್ಕೆ. ರೋಗದ ಹೆಸರು ಎತ್ತಬೇಡಿ. ಮಾಯಾಮದ್ದಿನ ಜಾಹೀರಾತಿಗೆ ಕಡಿವಾಣ ಹಾಕುವ ಕಾಯ್ದೆ 1954ರಿಂದಲೇ ಇದೆ. 'ಬ್ಲಾಕೇಜ್' ಎನ್ನಿ. ಅದಕ್ಕೆ ಕಾಯ್ದೆಯೂ ಇಲ್ಲ, ಎಕ್ಸ್‌ರೇಯೂ ಇಲ್ಲ.

3. ಪೂರ್ವಜನ್ಮಕ್ಕೆ ಹೋಗಿ. ಅಮೆರಿಕದ ಮನೋವೈದ್ಯ ಬ್ರಯಾನ್ ವೈಸ್ 1988ರಲ್ಲಿ ಪುಸ್ತಕ ಬರೆದ ಮೇಲೆ ಈ ದಾರಿಗೆ ಡಾಂಬರು ಬಿದ್ದಿದೆ. ಗೋಲ್ಕೊಂಡದಲ್ಲಿ ಇಳಿಯಿರಿ, ಹತ್ತಿರ. ಸೇನಾಪತಿಯಾಗಿಯೇ ಇಳಿಯಿರಿ, ಕಲ್ಲು ಹೊತ್ತ ಕೂಲಿಯಾಗಿದ್ದೆ ಎಂದು ತಿಳಿಯಲು ಯಾರೂ ಇಷ್ಟು ಫೀಸು ಕಟ್ಟುವುದಿಲ್ಲ. 1687ರಲ್ಲಿ, ಎಂಟು ತಿಂಗಳ ಮುತ್ತಿಗೆಯ ಕೊನೆಗೆ, ಔರಂಗಜೇಬನ ಸೈನ್ಯಕ್ಕೆ ಕೋಟೆಯ ಒಳಗಿನವನೇ ಬಾಗಿಲು ತೆರೆದ. ಅವನೇ ಈ ಜನ್ಮದಲ್ಲಿ ನಿಮ್ಮ ಮ್ಯಾನೇಜರ್ ಆಗಿದ್ದವನು. ನೀವು ದಿನಾ ಹನ್ನೊಂದಕ್ಕೆ ಆಫೀಸಿಗೆ ಹೋಗುತ್ತಿದ್ದದ್ದು ಇನ್ನು ವಿಷಯವೇ ಅಲ್ಲ.

4. ಗುಣವಾಗದಿದ್ದರೆ ಏನು ಹೇಳಬೇಕೆಂದು ಮೊದಲೇ ತೀರ್ಮಾನಿಸಿ. ಇದನ್ನು ಮೀನಿನ ಮದ್ದಿನಿಂದ ಕಲಿಯಿರಿ. ಜೂನ್‌ನಲ್ಲಿ ಮೃಗಶಿರ ಮಳೆ ಶುರುವಾಗುವ ಹೊತ್ತಿಗೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಜೀವಂತ ಕೊರಮೀನಿನ ಮರಿಯ ಬಾಯಿಗೆ ಹಳದಿ ಮದ್ದು ತುರುಕಿ, ಉಬ್ಬಸದವರ ಗಂಟಲಿಗೆ ಇಳಿಸುತ್ತಾರೆ. ಮೀನು ಇಳಿಯುವುದು ಕ್ಷಣದ ಮಾತು. ಪಥ್ಯ 45 ದಿನ, ಅದೂ ಸತತ ಮೂರು ವರ್ಷ. ನಿಮ್ಮ ಹೀಲರಿಂದಲೂ ಇಂಥದೊಂದು ಪಥ್ಯ ಕೇಳಿ ಪಡೆಯಿರಿ. ಗುಣವಾದರೆ ಗುರುವಿನ ಮಹಿಮೆ. ಆಗದಿದ್ದರೆ ಹದಿನೇಳನೇ ದಿನ ನೀವು ತಿಂದ ಬದನೆಕಾಯಿ.

5. ವರ್ಷಕ್ಕೊಮ್ಮೆ ಗುರುವನ್ನು ಬದಲಿಸಿ, ನಿಮ್ಮನ್ನಲ್ಲ. ಪ್ರತಿ ಶಿಬಿರದ ಕೊನೆಗೆ ಜೋರಾಗಿ ಅತ್ತುಬಿಡಿ, ಸೋಮವಾರದವರೆಗೆ ಹಗುರಾಗಿರುತ್ತದೆ. 'ಸಮೃದ್ಧಿಯ ಬಾಗಿಲು' ಎಂಬ ಶಿಬಿರಕ್ಕೆ ಬೇಕಾದ ದುಡ್ಡನ್ನು ತಮ್ಮನಿಂದಲೇ ಸಾಲ ತನ್ನಿ. ಹಳೇ ಬಾಕಿ ಕೇಳಿದರೆ 'ನಿನ್ನ ವೈಬ್ರೇಷನ್ ಸರಿಯಿಲ್ಲ' ಎಂದು ಪ್ರೀತಿಯಿಂದ ತಿಳಿಹೇಳಿ.

ಎಚ್ಚರಿಕೆ: ಇಷ್ಟೆಲ್ಲ ಮಾಡಿದರೂ ಕೆಲವರಲ್ಲಿ ಅಡ್ಡಪರಿಣಾಮ ಕಾಣಿಸಿಕೊಳ್ಳುತ್ತದೆ. ಯಾರೂ ಹೇಳದೆಯೇ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊಸ ಆಫೀಸಿಗೆ ಹೋಗುತ್ತೀರಿ. ಸಂಬಳದ ದಿನ ತಮ್ಮನಿಗೆ ಫೋನ್ ಮಾಡಿ, 'ಎರಡು ಸಾವಿರ ಹಾಕಿದ್ದೇನೆ, ನೋಡು' ಎಂದುಬಿಡುತ್ತೀರಿ. ಇದು ವಾಸಿಯಾಗುತ್ತಿರುವ ಲಕ್ಷಣ, ಉದಾಸೀನ ಮಾಡಬೇಡಿ. ಕೂಡಲೇ ಹೀಲರಿಗೆ ತಿಳಿಸಿ. ಮೂರು ಸಿಟ್ಟಿಂಗಿನಲ್ಲಿ ಸರಿಹೋಗುತ್ತದೆ.