ಪರದೇಶದ ಆಶ್ರಮಕ್ಕೆ ಚೀಲ ತುಂಬುವ ಕ್ರಮ: ಬ್ಯಾಡಗಿ ಆವೃತ್ತಿ

ಈ ಕೈಪಿಡಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಿವೃತ್ತ ಮಾಸ್ತರರಿಗೆ, ಬ್ಯಾಂಕು ಬಿಟ್ಟವರಿಗೆ, ಅಡತಿ ಅಂಗಡಿ ಮಗನಿಗೆ ಒಪ್ಪಿಸಿ ಗಲ್ಲಾಪೆಟ್ಟಿಗೆಯ ಕೀಲಿಕೈ ಮಾತ್ರ ಇನ್ನೂ ಉಡದಾರಕ್ಕೆ ಕಟ್ಟಿಕೊಂಡವರಿಗೆ. ನ್ಯೂಜೆರ್ಸಿಯ ಮಗಳು ಫೋನಿನಲ್ಲಿ, "ಅಪ್ಪಾ, ಬರೇ ಮನ್ಯಾಗ ಕುಂತ್ರ ಬ್ಯಾಸರ ಆಗತೈತಿ, ಎರಡ ತಿಂಗಳ ಆಶ್ರಮದಾಗ ಇರ್ರಿ" ಅಂದಿರುತ್ತಾಳೆ. ಬೇಸರ ಯಾರಿಗೆ ಎಂದು ವಿಚಾರಿಸಲು ಹೋಗಬಾರದು. ಟಿಕೆಟ್ ಬಂದಿದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಜಾಗಗಳಿಗೇನೂ ಬರವಿಲ್ಲ. ಹಾವೇರಿಯಲ್ಲಿ ಹುಕ್ಕೇರಿಮಠ, ಕಾಗಿನೆಲೆಯಲ್ಲಿ ಕನಕ ಗುರುಪೀಠ, ಶಿಶುವಿನಹಾಳದಲ್ಲಿ ಶರೀಫರ ಗದ್ದುಗೆ. ಎಲ್ಲಕ್ಕೂ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಬಸ್ ಹತ್ತಿದರಾಯಿತು. ಪಂಕ್ತಿಯಲ್ಲಿ ಕೂತವರನ್ನು "ಎಷ್ಟು ದಿನ ಇರ್ತೀರಿ?" ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಅದನ್ನು ವಿಮಾನ ಇಳಿದ ಕೂಡಲೇ ಕೇಳುತ್ತಾರೆ. ಮತ್ತೆ ಅದು ಆಶ್ರಮದವರೂ ಅಲ್ಲ, ಸರಕಾರದವರು.

ಮಗಳು ಗೊತ್ತುಮಾಡಿರುವ ಆಶ್ರಮ ನ್ಯೂಯಾರ್ಕ್ ರಾಜ್ಯದ ವುಡ್‌ಬೋರ್ನ್ ಎಂಬಲ್ಲಿ, ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವೆ ಇದೆ. ಹೃಷೀಕೇಶದ ಶಿವಾನಂದರ ಶಿಷ್ಯ ವಿಷ್ಣುದೇವಾನಂದರು 1974ರಲ್ಲಿ ಕಟ್ಟಿದ್ದು. ಬೆಳಗಿನ ಐದೂವರೆಗೆ ಗಂಟೆ ಬಾರಿಸುತ್ತಾರೆ, ಆರಕ್ಕೆ ಸತ್ಸಂಗ, ಎಂಟಕ್ಕೆ ಆಸನ. ಊಟ ಎರಡೇ ಸಲ, ಹತ್ತಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಹಾ, ಕಾಫಿ ಇಲ್ಲ. ಈ ಕೊನೆಯ ವಾಕ್ಯವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಬೇಡಿ. ಅದು ಕಿವಿಗೆ ಬಿದ್ದ ಕ್ಷಣದಿಂದ ಚೀಲ ತುಂಬುವವರು ನೀವಲ್ಲ, ಅವರು.

ಹಂತ 1. ಚೀಲವನ್ನು ತೂಗಿ. ಟಿಕೆಟ್ಟಿನ ಮೇಲೆ 23 ಕೆ.ಜಿ. ಎಂದಿದೆ. ಇದಕ್ಕೆ ಬ್ಯಾಡಗಿಯ ಪರಿಚಯದ ಅಡತಿ ಅಂಗಡಿಯ ಕಾಟಾ ಉತ್ತಮ. ಸೋಮವಾರ, ಗುರುವಾರ ಮಾತ್ರ ಹೋಗಬೇಡಿ. ಆ ದಿನ ಟೆಂಡರು, ನಿಮ್ಮ ಚೀಲವನ್ನೂ ಲಾಟಿನಲ್ಲಿ ಸೇರಿಸಿಬಿಟ್ಟಾರು. ಬೇರೆ ದಿನ ಹೋದರೂ ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ. ಹಮಾಲಿ ನಿಮ್ಮ ಗಾಲಿಪೆಟ್ಟಿಗೆಯನ್ನು ಮೆಣಸಿನಕಾಯಿ ಚೀಲದಂತೆಯೇ ಬೆನ್ನ ಮೇಲಿಂದ ಧೊಪ್ಪನೆ ಒಗೆಯುತ್ತಾನೆ, ಕೆಂಪು ಧೂಳು ಏಳುತ್ತದೆ, ಕಾಟಾ ನೋಡುವವರು, ನೀವು, ಬಾಗಿಲಲ್ಲಿ ನಿಂತ ಎತ್ತು, ಮೂವರೂ ಸೀನುತ್ತೀರಿ. ಸೀನು ಮುಗಿದಾಗ ಕಾಟಾ 31 ತೋರಿಸುತ್ತಿರುತ್ತದೆ. "ಚೀಲದ ತೂಕ ಕಳೀರಿ" ಎಂದು ಅಡತ್ಯಾ ರೂಢಿಯ ಪ್ರಕಾರ ಹೇಳುತ್ತಾನೆ. ವಿಮಾನದವರು ಚೀಲದ ತೂಕ ಕಳೆಯುವುದಿಲ್ಲ.

ಹಂತ 2. ಮೆಣಸಿನಕಾಯಿ. ಇದು ಈ ಕೈಪಿಡಿಯ ಮುಖ್ಯ ಅಧ್ಯಾಯ. ಖಾರದಪುಡಿ ಕೈಚೀಲದಲ್ಲಿ ನಡೆಯುವುದಿಲ್ಲ, ಅದು ಆಯುಧದ ಲೆಕ್ಕ. ಪೆಟ್ಟಿಗೆಯಲ್ಲಿ ಇಡಬಹುದು, ಅಮೆರಿಕದ ಕಸ್ಟಮ್ಸಿನವರಿಗೆ ಹೇಳಿ ತೋರಿಸಬೇಕು. ಕಾನೂನು ಇಷ್ಟೇ. ತೊಡಕು ಇರುವುದು ಶಾಸ್ತ್ರದಲ್ಲಿ.

ಸಾತ್ವಿಕ ಅಡುಗೆಮನೆಯವರು ಖಾರವನ್ನು ರಾಜಸ ಅನ್ನುತ್ತಾರೆ. ಗೀತೆಯ ಹದಿನೇಳನೆಯ ಅಧ್ಯಾಯದ ಆಧಾರ ಕೊಡುತ್ತಾರೆ. ಖಾರ, ಹುಳಿ, ಉಪ್ಪು ಅತಿಯಾದದ್ದು ರಾಜಸರಿಗೆ ಪ್ರಿಯವಂತೆ. ಬ್ಯಾಡಗಿಯವರು ಇದಕ್ಕೆ ಎರಡು ಉತ್ತರ ಸಿದ್ಧವಿಟ್ಟುಕೊಳ್ಳಬೇಕು. ಮೊದಲನೆಯದು, ನಮ್ಮದು ಖಾರವೇ ಅಲ್ಲ, ಬಣ್ಣ. ಡಬ್ಬಿಯಾಗಲಿ ಕಡ್ಡಿಯಾಗಲಿ, ನೆರಿಗೆಗಟ್ಟಿದ ತೊಗಟೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಕೆಂಪಿಗಾಗಿ, ಉರಿಗಾಗಿ ಅಲ್ಲ. ಇದರಿಂದ ತೆಗೆದ ಓಲಿಯೊರೆಸಿನ್ ತಿನಿಸಿನ ಬಣ್ಣಕ್ಕೂ ತುಟಿಯ ಬಣ್ಣಕ್ಕೂ ಹೋಗುತ್ತದೆ. ಎರಡನೆಯದು ನನಗೆ ಹೆಚ್ಚು ಸೇರಿದ ವಾದ. ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ, ನಮ್ಮ ನೆಲಕ್ಕೆ ಅದು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, 16ನೇ ಶತಮಾನದಲ್ಲಿ. ಕುರುಕ್ಷೇತ್ರದಲ್ಲಿ ಕೃಷ್ಣ ಅದನ್ನು ನೋಡಿಯೇ ಇರಲಿಲ್ಲ. ನೋಡದ ಪದಾರ್ಥದ ಬಗ್ಗೆ ಭಗವಂತ ಅಭಿಪ್ರಾಯ ಹೇಳಿದ ಅಂದರೆ ನಂಬಲಾಗುತ್ತದೆಯೆ? ಅಲ್ಲದೆ, ನಾಲ್ಕೈದು ನೂರು ವರ್ಷದ ಮೇಲೆ ತವರಿಗೆ ಹೊರಟ ಹೆಣ್ಣುಮಗಳನ್ನು ತಡೆಯುವ ಸ್ವಾಮಿಗಳು ಯಾವ ಸ್ವಾಮಿಗಳು?

ಎಚ್ಚರಿಕೆ: ಶೇಂಗಾ ಚಟ್ನಿಗೆ ಈ ವಾದ ಸಾಲದು. ಅದರಲ್ಲಿ ಬಳ್ಳೊಳ್ಳಿ ಇದೆ. ಬಳ್ಳೊಳ್ಳಿಯನ್ನು ಕೃಷ್ಣ ನೋಡಿರಬಹುದು.

ಹಂತ 3. ಈ ಹಂತವನ್ನು ಹಿತ್ತಲಮನೆಯವರ ಪಾರ್ಸಲ್ಲಿಗಾಗಿ ತೆರವು ಮಾಡಲಾಗಿದೆ. ಅವರ ಅಳಿಯ ಡಲ್ಲಾಸಿನಲ್ಲಿದ್ದಾನೆ. "ಮಾಸ್ತರ್ರ, ನಿಮ್ಮ ದಾರ್ಯಾಗ ಐತಲ್ರಿ, ಒಂದ ಸಣ್ಣ ಗಂಟ ಅಷ್ಟ" ಅನ್ನುತ್ತಾರೆ. ನ್ಯೂಯಾರ್ಕಿನಿಂದ ಡಲ್ಲಾಸಿಗೆ 2,200 ಕಿ.ಮೀ. ಆಸುಪಾಸು. ಇದನ್ನು ಹೇಳಿ ಉಪಯೋಗವಿಲ್ಲ. ಗಂಟು ಈಗಾಗಲೇ ನಿಮ್ಮ ಕಟ್ಟೆಯ ಮೇಲಿದೆ.

ಹಂತ 4. ತೆಗೆಯುವುದು. ತ್ಯಾಗವನ್ನು ಆಶ್ರಮದಲ್ಲಿ ಕಲಿಸುತ್ತಾರೆಂದು ಜನ ತಿಳಿದಿದ್ದಾರೆ. ಆ ಪಾಠ ಪೂರ್ತಿ ಚೀಲದ ಹತ್ತಿರವೇ ಮುಗಿಯುತ್ತದೆ, ಗುರುಗಳು ವಿಮಾನ ಕಂಪನಿ ಮತ್ತು ಕಸ್ಟಮ್ಸ್. ಅಕ್ಕಿ ತೆಗೆಯಿರಿ, ಖಾಪ್ರಾ ಎಂಬ ದುಂಬಿಯ ಭಯಕ್ಕೆ ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ಹಸಿ ಕರಿಬೇವು ತೆಗೆಯಿರಿ. ನಿಂಬೆ-ಕಿತ್ತಳೆ ಗಿಡಗಳ ರೋಗ ಹರಡುವ ನುಸಿ ಅದರ ಎಲೆಗೆ ಅಂಟಿಕೊಂಡು ಹೋದೀತೆಂದು ಅವರ ಲೆಕ್ಕ, ವಾಸನೆ ಹಿಡಿಯಲು ಬೀಗಲ್ ನಾಯಿಗಳನ್ನು ಸಾಕಿದ್ದಾರೆ. ರಾಣೆಬೆನ್ನೂರಿನವರಿಗೆ ವಿಶೇಷ ಸೂಚನೆ: ಬೀಜದ ಪಾಕೀಟು ತೆಗೆಯಿರಿ. ಬೀಜದ ಕಂಪನಿಗಳ ಊರಿನಿಂದ ಹೊರಟವರಿಗೆ ಎಲ್ಲಿ ಬರಿ ನೆಲ ಕಂಡರೂ ಕೈ ತಡೆಯುವುದಿಲ್ಲ, ಆಶ್ರಮದ ತೋಟದಲ್ಲಿ ಕರ್ಮಯೋಗ ಬೇರೆ ಇದೆ. ಆದರೂ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಒಂದು ಬೆಂಡಿಬೀಜವೂ ಒಳಗೆ ಹೋಗದು.

ಇನ್ನು ಕೊಬ್ಬರಿ. ಮಡಿಯಲ್ಲಿಟ್ಟು ಪೂಜೆಗೆ ಬಳಸುವ ಈ ಬಟ್ಟಲು ವಿಮಾನದವರ ಪಟ್ಟಿಯಲ್ಲಿ ಅಪಾಯಕಾರಿ ಸರಕು. ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ ಅದಕ್ಕೊಂದು ವಿಶ್ವಸಂಸ್ಥೆಯ ನಂಬರೇ ಇದೆ, 1363. ಮನೆಯವರು ಇದನ್ನು ಕೇಳಿ, "ಅಲ್ರೀ, ನಲವತ್ತ ವರ್ಷ ಅಡಗಿಮನ್ಯಾಗ ಒಲಿ ಮಗ್ಗಲ ಇಟ್ಟೀನಿ, ಒಂದ ದಿನಾನೂ ಹೊತ್ತಿಲ್ಲ" ಅನ್ನುತ್ತಾರೆ. ಅದೂ ಖರೆ. ಆದರೂ ತೆಗೆಯಿರಿ.

ಹಂತ 5. ಇಡುವುದು. ಖಡಕ್ ರೊಟ್ಟಿ ಧಾರಾಳವಾಗಿ ಇಡಿ, ಅದಕ್ಕೆ ಯಾವ ದುಂಬಿಯ ಭಯವೂ ಇಲ್ಲ, ಪುಡಿಯಾದರೆ ಮೊಸರಿನಲ್ಲಿ ಕಲೆಸಿ ತಿನ್ನಬಹುದು. ಗುಳಿಗೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲಿಡಿ. ಕಂಬಳಿ ಬೇಕು, ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಭಾರವೆನಿಸಿದರೆ ಹೊದ್ದುಕೊಂಡೇ ವಿಮಾನ ಹತ್ತಿ. ವಿಭೂತಿ ಗಟ್ಟಿಯಾಗಿರಲಿ, ಪುಡಿ ಬೇಡ. ಬಿಳಿ ಪುಡಿಯ ಮಹಿಮೆಯನ್ನು ಅಧಿಕಾರಿಗೆ ಇಂಗ್ಲಿಷಿನಲ್ಲಿ ವಿವರಿಸುವುದು ಎಂಥ ವಚನ ಪಂಡಿತನಿಗೂ ಕಷ್ಟ. ಕೊರಳಲ್ಲಿ ಲಿಂಗವಿದ್ದರೆ ಅದು ಎಲ್ಲಿದೆಯೋ ಅಲ್ಲೇ ಇರಲಿ. ತೂಕದ ಲೆಕ್ಕಕ್ಕೆ ಬಾರದ ಸಾಮಾನು ಅದೊಂದೇ. ಬೆಳ್ಳಿ ಕರಡಿಗೆ ಕಂಡು ಯಂತ್ರ ಕೂಗಿದರೆ ಗಾಬರಿ ಬೇಡ, ನಿಂತು ತೋರಿಸಿ.

ಗುರುಗಳಿಗೆ ಕಾಣಿಕೆಯಾಗಿ ಹಾವೇರಿಯ ಏಲಕ್ಕಿ ಮಾಲೆ. ಪಟವೇಗಾರರ ಮನೆಯಲ್ಲಿ ಏಲಕ್ಕಿ ಪೋಣಿಸಿ, ಜರಿ ಸುತ್ತಿ ಕಟ್ಟಿದ ಆ ಮಾಲೆ ನಮ್ಮಲ್ಲಿಗೆ ಬಂದ ಎಷ್ಟೋ ಮಂತ್ರಿಗಳ ಕೊರಳು ಕಂಡಿದೆ. ತೂಕ ಏನೂ ಇಲ್ಲ, ಜಾಗ ಮಾತ್ರ ಕೂಸಿನಷ್ಟು ಬೇಕು. ಪೆಟ್ಟಿಗೆಯಲ್ಲಿಟ್ಟರೆ ಅಪ್ಪಚ್ಚಿಯಾಗುತ್ತದೆ, ತೊಡೆಯ ಮೇಲಿಟ್ಟುಕೊಂಡೇ ಹೋಗಬೇಕು. ಅಲ್ಲಿಯ ಸ್ವಾಮಿಗಳು ಮಾಲೆ ಹಾಕಿಸಿಕೊಳ್ಳುತ್ತಾರೋ, ಬಿಡಿಸಿ ಪಾಯಸಕ್ಕೆ ಹಾಕಿಸುತ್ತಾರೋ, ಅದು ಅವರಿಗೆ ಬಿಟ್ಟದ್ದು.

ಚಹಾಪುಡಿಯ ವಿಷಯದಲ್ಲಿ ಈ ಕೈಪಿಡಿ ಮೌನ ವಹಿಸುತ್ತದೆ. ಉಲ್ಲನ್ ಕಾಲುಚೀಲದಲ್ಲಿ ಎಷ್ಟು ಹಿಡಿಯುತ್ತದೆ ಎಂದು ನಿಮಗೇ ಗೊತ್ತು.

ಹಂತ 6. ಬೆಂಗಳೂರಿನ ಕೌಂಟರಿನಲ್ಲಿ ಹುಡುಗಿಯೊಬ್ಬಳು, "ಅಂಕಲ್, ಈ ಬ್ಯಾಗ್ ನೀವೇ ಪ್ಯಾಕ್ ಮಾಡಿದ್ದಾ?" ಎಂದು ಕೇಳುತ್ತಾಳೆ. ಇದು ಪದ್ಧತಿಯ ಪ್ರಶ್ನೆ. ಮನೆಯವರು, ಅತ್ತಿಗೆ, ಹಿತ್ತಲಮನೆಯವರು, ಕೊನೆಗೆ ಮೊಣಕಾಲೂರಿ ಜಿಪ್ ಎಳೆದ ಅಡತಿ ಹಮಾಲಿ, ಎಲ್ಲರೂ ನೆನಪಾಗುತ್ತಾರೆ. "ಹೌದವ್ವಾ" ಎಂದು ಹೇಳಲು ನೀವು ಬಾಯಿ ತೆರೆಯುವಷ್ಟರಲ್ಲಿ ಫೋನು ಬರುತ್ತದೆ.

"ಹೇಳೂದ ಮರತಿದ್ದೆ. ಅಡಿಯಾಗಿನ ಧೋತರ ಐತಲ್ರಿ, ಅದರಾಗ ಎರಡ ಬಟ್ಟಲ ಕೊಬ್ಬರಿ ಸುತ್ತಿಟ್ಟೀನಿ."

ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದುಕೊಂಡು ನೆಲದ ಮೇಲೆ ಬಿಚ್ಚಿ. ಹಿಂದೆ ನಿಂತವರಿಗೆ ದಾರಿ ಬಿಡಿ.