ಅರ್ಥ್ ಇಲ್ಲ ಸಾರ್
(ಹಳೆಯ ಫಿಯಟ್‌ಗೆ ಹೊಸ ಸ್ಟೇರಿಂಗ್ ಹಾಕಿಸಿ ಹಾರ್ನ್ ಕಳೆದುಕೊಂಡವರಿಗೊಂದು ಕೈಪಿಡಿ)



ಈ ಕೈಪಿಡಿ ನಿಮ್ಮ ಕೈಯಲ್ಲಿದೆ ಅಂದರೆ ನಿಮ್ಮ ಗಾಡಿಗೆ ಬಾಯಿ ಬಿದ್ದುಹೋಗಿದೆ. ಗಾಬರಿ ಬೇಡ. ಸ್ಟೇರಿಂಗ್ ನೋಡಲು ಚೆನ್ನಾಗಿದೆ ತಾನೆ? ಗಾಡಿ ಸಾಮಾನು ಮಾರುವ ಜೆ.ಸಿ. ರಸ್ತೆಗೆ ಹೋಗಿದ್ದೂ ಅದಕ್ಕೇ ಅಲ್ಲವೆ?

ಯಾವ ಗಾಡಿಗೆ ಅನ್ವಯ: ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತರೂ ನಮ್ಮ ಬೀದಿಗಳಲ್ಲಿ ಕೊನೆಯವರೆಗೂ ‘ಫಿಯಟ್’ ಎಂದೇ ಕರೆಸಿಕೊಂಡ 1089 ಸಿಸಿಯ ಗಾಡಿಗೆ. ಅಂಬಾಸಿಡರ್‌ನವರೂ ಓದಬಹುದು, ರೋಗ ಒಂದೇ.

ರೋಗದ ಹಿನ್ನೆಲೆ: ನಮ್ಮ ಮನೆಯ ಫಿಯಟ್ ಅಪ್ಪನದು. ಅದರ ಕಂಪನಿ ಸ್ಟೇರಿಂಗ್ ತೆಳ್ಳಗೆ, ಅಗಲವಾಗಿ, ಊಟದ ತಟ್ಟೆಗಿಂತ ದೊಡ್ಡದಾಗಿತ್ತು. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯನ್ನು ನಿಂತಲ್ಲೇ ತಿರುಗಿಸಬೇಕಾದರೆ ಅಷ್ಟು ಅಗಲ ಬೇಕು. ಇದು ನನಗೆ ಗೊತ್ತಾದದ್ದು 350 ಮಿಲಿಮೀಟರಿನ, ಮೂರು ಕಡ್ಡಿಯ, ಚರ್ಮ ಹೊದಿಸಿದ ಚಕ್ರ ಕೂರಿಸಿ ಮನೆಯ ತಿರುವಿನಲ್ಲಿ ಭುಜ ಹಿಡಿದುಕೊಂಡ ಮೇಲೆ. ಮೂಗಿಗಿಂತ ಮೂಗುತಿ ಭಾರ. ಅಪ್ಪ ಒಂದು ಸುತ್ತು ಬಂದು ನೋಡಿ, “ಚೆನ್ನಾಗಿದೆ ಕಣೋ. ಹಾರ್ನ್ ಎಲ್ಲಿ?” ಅಂದರು. ಒತ್ತಿದೆ. ಇರಲಿಲ್ಲ.

ಎಲೆಕ್ಟ್ರಿಷಿಯನ್ ಬಂದು ಅರ್ಧ ನಿಮಿಷ ನೋಡಿ “ಅರ್ಥ್ ಇಲ್ಲ ಸಾರ್” ಅಂದ. ನಾನು ಮಾಡಿದ ಕೆಲಸದ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡೆ.

ಅವನು ಹೇಳಿದ್ದು ಇಷ್ಟು. ಹಾರ್ನಿಗೆ, ರಿಲೇ ಇದ್ದರೆ ರಿಲೇಗೆ, ಬ್ಯಾಟರಿಯ ಕರೆಂಟು ಮೊದಲೇ ಬಂದು ಕಾದಿರುತ್ತದೆ. ನೀವು ಬಟನ್ ಒತ್ತಿದಾಗ ಕರೆಂಟು ಕೊಡುವುದಿಲ್ಲ. ಅದು ಗಾಡಿಯ ಬಾಡಿಗೆ ವಾಪಸು ಹೋಗಲು ದಾರಿ ಬಿಡುತ್ತೀರಿ. ಅದೇ ಅರ್ಥ್. ಆದರೆ ಸ್ಟೇರಿಂಗ್ ಸುತ್ತುತ್ತದೆ, ಗಾಡಿ ಸುತ್ತುವುದಿಲ್ಲ. ನಡುವೆ ಬರೀ ವೈರು ಎಳೆದರೆ ನಾಲ್ಕು ತಿರುವಿನಲ್ಲಿ ಹಗ್ಗದಂತೆ ಹೊಸೆದು ತುಂಡಾಗುತ್ತದೆ. ಅದಕ್ಕೇ ಚಕ್ರವನ್ನು ಸ್ಟೇರಿಂಗ್ ಕಂಬಕ್ಕೆ ಕೂರಿಸುವ ಬಾಸ್‌ಗೆ ಒಂದು ಹಿತ್ತಾಳೆ ಬಳೆ, ಆ ಬಳೆಗೆ ಸದಾ ಒತ್ತಿಕೊಂಡಿರುವ ಸ್ಪ್ರಿಂಗಿನ ಬ್ರಷ್. ಬಳೆ ತಿರುಗುತ್ತದೆ, ಬ್ರಷ್ ನಿಂತಲ್ಲೇ ನಿಂತು ಸವರಿಕೊಳ್ಳುತ್ತದೆ. ಇಷ್ಟು ಸೊಗಸಾದ ಉಪಾಯಕ್ಕೆ ಹೊಂದಿದ್ದ ಹಳೆಯ ಚಕ್ರವನ್ನು ಕಿತ್ತು ಗುಜರಿಗೆ ಹಾಕಿ, ಅದರ ಜಾಗದಲ್ಲಿ ಹೊಳೆಯುವ ಗುಂಡಿಯ ಚಕ್ರ ಕೂರಿಸಿದವರು ನಾವು.

ಬೇಕಾಗುವ ಸಾಮಾನು: ಬಾಕ್ಸ್ ಪಾನಾ, ಸ್ಕ್ರೂಡ್ರೈವರ್, ಎರಡು ಗಜ ವೈರು, ಸ್ಯಾಂಡ್ ಪೇಪರ್, ಟೆಸ್ಟ್ ಲ್ಯಾಂಪ್. ಹಾಗೆಯೇ ಸಲಹೆ ಕೊಡಲು ಒಬ್ಬ ಪಕ್ಕದ ಮನೆಯವರು. ಇವರನ್ನು ಹುಡುಕಬೇಕಿಲ್ಲ, ಬಾನೆಟ್ ಎತ್ತಿದರೆ ತಾವೇ ಬರುತ್ತಾರೆ.

ಹೆಜ್ಜೆ ಒಂದು. ಹಾರ್ನನ್ನು ಬೈಯಬೇಡಿ, ಬಿಚ್ಚಲೂ ಬೇಡಿ. ಸ್ಟೇರಿಂಗ್ ಕಂಬದ ಹತ್ತಿರ ಬ್ರಷ್‌ಗೆ ಬರುವ ವೈರನ್ನು ಕಳಚಿ, ಅದರ ತುದಿಯನ್ನು ಬಣ್ಣ ಇಲ್ಲದ ಬಾಡಿ ಕಬ್ಬಿಣಕ್ಕೆ ತಾಗಿಸಿ. ಹಾರ್ನ್ ಕೂಗಿತೆ? ಹಾಗಾದರೆ ಫ್ಯೂಸು, ರಿಲೇ, ಹಾರ್ನು ಎಲ್ಲ ನಿರಪರಾಧಿಗಳು. ತಪ್ಪು ವೈರಿನಿಂದ ಮೇಲಿದೆ, ಅಂದರೆ ನೀವು ದುಡ್ಡು ಕೊಟ್ಟು ತಂದ ಭಾಗದಲ್ಲಿದೆ. ಕೂಗಲಿಲ್ಲವೆ? ಫ್ಯೂಸಿನಿಂದ ಶುರುಮಾಡಿ. ರಿಲೇ ಟಿಕ್ ಎಂದೂ ಹಾರ್ನ್ ಸುಮ್ಮನಿದ್ದರೆ ಹಾರ್ನಿನ ಟರ್ಮಿನಲ್ಲಿನ ತುಕ್ಕು ಉಜ್ಜಿ ನೋಡಿ. ಕೀರಲು ದನಿ ಬಂದರೆ ಹಿಂಬದಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಕಾಲೇ ಸುತ್ತು.

ಹೆಜ್ಜೆ ಎರಡು. ಬ್ಯಾಟರಿ ವೈರು ಕಳಚಿ. ನಾನು ಕಳಚಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಬಳೆಯ ವೈರು ಬಾಸ್‌ಗೆ ತಗುಲಿತು. ಬೀದಿಯವರೆಲ್ಲ ಎದ್ದರು, ಎರಡು ಬಾಲ್ಕನಿಗಳಿಂದ ನನ್ನ ಅಪ್ಪನ ಹೆಸರು ಕೇಳಿಸಿತು.

ಹೆಜ್ಜೆ ಮೂರು. ಚಕ್ರ ಕೀಳುವ ಮೊದಲು ಬಾಸ್ ಮೇಲೂ ಕಂಬದ ಮೇಲೂ ಒಂದೇ ಗೆರೆ ಎಳೆಯಿರಿ. ಇಲ್ಲದಿದ್ದರೆ ಗಾಡಿ ನೇರ ಹೋಗುವಾಗ ಚಕ್ರ ಓರೆಯಾಗಿರುತ್ತದೆ. ನಡುವಿನ ನಟ್ಟನ್ನು ಪೂರ್ತಿ ಬಿಚ್ಚಬೇಡಿ, ಕೊನೆಯ ನಾಲ್ಕು ಎಳೆಯಲ್ಲಿ ಬಿಡಿ. ಜಗ್ಗಿದಾಗ ಚಕ್ರ ಥಟ್ಟನೆ ಬಿಟ್ಟುಕೊಂಡು ಬಂದರೆ ಆ ನಟ್ಟು ನಿಮ್ಮ ಹಲ್ಲು ಕಾಯುತ್ತದೆ.

ಇಲ್ಲಿ ಕಾಫಿ.

ಹೆಜ್ಜೆ ನಾಲ್ಕು, ಅಸಲಿ ಕೆಲಸ. ಬಟನ್ ಹಿಂದೆ ಎಷ್ಟು ಟರ್ಮಿನಲ್ ಇವೆ ನೋಡಿ. ಎರಡಿದ್ದರೆ ಒಂದು ಬಳೆಗೆ, ಇನ್ನೊಂದು ಬಾಸ್‌ನ ಕಬ್ಬಿಣಕ್ಕೆ. ನನ್ನದರಲ್ಲಿ ಒಂದೇ ಇತ್ತು. ಇನ್ನೊಂದು ದಾರಿ ಬಟನ್ನಿನ ಅಂಚಿನ ಮೂಲಕ ಚಕ್ರದ ಲೋಹಕ್ಕೆ ಹೋಗಬೇಕು. ಆದರೆ ಆ ಲೋಹಕ್ಕೆ ದಪ್ಪನೆ ಕಪ್ಪು ಪೌಡರ್ ಕೋಟಿಂಗ್! ಯಾವ ಬಣ್ಣ ನೋಡಿ ಮನಸೋತು ಚೌಕಾಸಿ ಮಾಡದೆ ಕೊಂಡೆನೋ ಅದೇ ಬಣ್ಣ ಕರೆಂಟಿಗೆ ಅಡ್ಡ ನಿಂತಿತ್ತು. ಮರದ ಚಕ್ರದವರು ನಗಬೇಡಿ, ಬಟನ್ ಕೂತ ತಟ್ಟೆಗೆ ಬಣ್ಣವಿದ್ದರೆ ನಿಮಗೂ ಇದೇ ಗತಿ. ಒಳಗಡೆ, ಯಾರಿಗೂ ಕಾಣದ ಕಡೆ, ರೂಪಾಯಿ ನಾಣ್ಯದಷ್ಟು ಉಜ್ಜಿ ಲೋಹ ಹೊಳೆಯಿಸಿ. ಅಲ್ಲಿಂದ ಬಾಸ್‌ನ ಬೋಲ್ಟಿಗೆ ತುಂಡು ವೈರು ಕೊಡಿ. ಬಳೆಯನ್ನೂ ಉಜ್ಜಿ. ಅದಕ್ಕೆ ಗ್ರೀಸ್ ಬಳಿಯುವ ಉದಾರಬುದ್ಧಿ ಬೇಡ.

ಹೆಜ್ಜೆ ಐದು. ಎಲ್ಲ ಕೂರಿಸಿ, ಬ್ಯಾಟರಿ ಜೋಡಿಸಿ, ಚಕ್ರವನ್ನು ಎಡದ ತುದಿಯಿಂದ ಬಲದ ತುದಿಗೆ ತಿರುಗಿಸುತ್ತ ಒತ್ತಿ. ಒತ್ತದೆಯೂ ಬಲತಿರುವಿನಲ್ಲಿ ಮಾತ್ರ ಕೂಗಿದರೆ ವೈರು ಎಲ್ಲೋ ಸಿಕ್ಕಿಕೊಂಡಿದೆ, ಮತ್ತೆ ಹೆಜ್ಜೆ ಎರಡಕ್ಕೆ ಹೋಗಿ. ಇಂಡಿಕೇಟರ್ ತಾನಾಗಿ ವಾಪಸು ಬರದಿದ್ದರೆ ಬಾಸ್ ತಪ್ಪಾಗಿ ಕೂತಿದೆ, ಅದು ಇನ್ನೊಂದು ಕೈಪಿಡಿ.

ಕಾನೂನು: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಗಾಡಿಗೆ ಹಾರ್ನ್ ಇರಲೇಬೇಕು, ನಾನಾ ಸ್ವರ ಹೊರಡಿಸುವಂಥದ್ದು ಇರಕೂಡದು. ಮದುವೆ ಬಸ್ಸಿನ ಹಾರ್ನ್ ಹಾಕಿಸುವ ಆಸೆ ಬಿಡಿ.

ನಮ್ಮ ಎಲೆಕ್ಟ್ರಿಷಿಯನ್ ಇಷ್ಟೆಲ್ಲ ಗೋಜಿಗೆ ಹೋಗಿರಲಿಲ್ಲ. ಮೊದಲ ದಿನವೇ ಡ್ಯಾಶ್‌ಬೋರ್ಡಿನ ಕೆಳಗೆ ಮನೆಯ ಕಾಲಿಂಗ್ ಬೆಲ್ ಸ್ವಿಚ್ಚೊಂದನ್ನು ಸ್ಕ್ರೂ ಹೊಡೆದು, ಎರಡು ವೈರು ಕೊಟ್ಟು, ದುಡ್ಡು ಎಣಿಸಿಕೊಂಡು ಹೋಗಿದ್ದ. ನಾನು ಮೂರು ಭಾನುವಾರ ಕೂತು ಸ್ಟೇರಿಂಗಿನ ಹಾರ್ನ್ ಸರಿಮಾಡಿದೆ, ಈಗ ಅದು ಚೆನ್ನಾಗಿಯೇ ಕೂಗುತ್ತದೆ. ಅಪ್ಪ ಮಾತ್ರ ಇವತ್ತಿಗೂ ಬಗ್ಗಿ ಕಾಲಿಂಗ್ ಬೆಲ್ಲನ್ನೇ ಒತ್ತುತ್ತಾರೆ.