ಮೂರು ನಿಮಿಷದ ಆಟಕ್ಕೊಂದು ಉದ್ಘಾಟನಾ ಸಮಾರಂಭ

ಆನ್‌ಲೈನ್ ಚೆಸ್ ಪಂದ್ಯಾವಳಿಯ ಪೂರ್ವಭಾವಿ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ: 'ಎಲ್ಲಿ ನಡೆಸೋದು?'

ನಗಬೇಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರಿನವರು ಸೇರಿ ಒಂದು ಬ್ಲಿಟ್ಜ್, ಅಂದರೆ ಮಿಂಚಿನ ವೇಗದ ಚೆಸ್, ಮಾಡಿಬಿಡೋಣ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಸ್ಥಳದ ಜಗಳಕ್ಕೆ ಅಲ್ಲೇ ಮುಹೂರ್ತ. ಚಿಕ್ಕಬಳ್ಳಾಪುರದವರು '2007ರಿಂದ ನಾವು ಜಿಲ್ಲಾ ಕೇಂದ್ರ, ಆನ್‌ಲೈನ್ ಆದರೇನು, ನಮ್ಮಲ್ಲೇ ಆಗಬೇಕು' ಅನ್ನುತ್ತಾರೆ. ಚಿಂತಾಮಣಿಯವರು 'ಕೇಂದ್ರ ನೀವೇ ಇಟ್ಕೊಳ್ಳಿ, ದುಡ್ಡು ಬಿಚ್ಚೋ ಸಾಹುಕಾರರು ನಮ್ಮೂರಲ್ಲಿದ್ದಾರೆ' ಅನ್ನುತ್ತಾರೆ. ಶಿಡ್ಲಘಟ್ಟದವರು, ಸನ್ಮಾನದ ಶಾಲಿಗೆ ರೇಷ್ಮೆ ನೂಲು ಎಲ್ಲಿಂದ ತರ್ತೀರೋ ನೋಡೋಣ ಎಂಬಂತೆ ಸುಮ್ಮನೆ ಮುಗುಳ್ನಗುತ್ತಾರೆ. ಗೌರಿಬಿದನೂರಿನವರು ರೈಲ್ವೆ ನಕ್ಷೆ ಬಿಚ್ಚುತ್ತಾರೆ. ಅವರ ಸಂಕಟ ನಿಜವಾದದ್ದೇ. ಉಳಿದ ಮೂರೂ ಊರು ಕೋಲಾರಕ್ಕೆ ಹೋಗುವ ಒಂದೇ ಹಳಿಯ ಮೇಲಿವೆ, ಇವರದು ಹಿಂದೂಪುರದ ಹಳಿ. ಚಿಂತಾಮಣಿಗೆ ರೈಲಲ್ಲೇ ಬರ್ತೀನಿ ಎಂದು ಗೌರಿಬಿದನೂರಿನವನು ಹಠ ಹಿಡಿದರೆ ಯಲಹಂಕದವರೆಗೆ ಹೋಗಿ ರೈಲು ಬದಲಿಸಬೇಕು. ಅಂಥವನಿಗೆಂದೇ ದೇವರು ಇಂಟರ್ನೆಟ್ ದಯಪಾಲಿಸಿದ. ಸಮಿತಿಯವರು ದೇವರಿಗಿಂತ ದೊಡ್ಡವರು, ಕಲ್ಯಾಣಮಂಟಪವೇ ಆಗಬೇಕು ಎಂದರು.

ಈ ವ್ಯಾಜ್ಯದ ಸುಳಿವೇ ಇಲ್ಲದೆ ತಣ್ಣಗೆ ಕೂತಿರುವುದು ಪಂದ್ಯಾವಳಿ ನಿಜವಾಗಿ ನಡೆಯುವ ಸ್ಥಳವೊಂದೇ. ಅದು ಲೀಚೆಸ್ ಎಂಬ ಜಾಲತಾಣದ ಸರ್ವರ್. ಇರೋದು ಫ್ರಾನ್ಸಿನಲ್ಲಿ.

ಲೀಚೆಸ್ಸನ್ನು 2010ರಲ್ಲಿ ಶುರುಮಾಡಿದ ತಿಬೋ ಡ್ಯುಪ್ಲೆಸಿ ಎಂಬ ಫ್ರೆಂಚ್ ಮಹಾಶಯನಿಗೆ ನಮ್ಮ ಕಡೆಯ ಸಂಘಸಂಸ್ಥೆಗಳ ಪರಿಚಯವಿರಲಿಲ್ಲ. ಇದ್ದಿದ್ದರೆ ಇಂಥ ಅನಾಹುತ ಮಾಡುತ್ತಿರಲಿಲ್ಲ. ಅದರಲ್ಲಿ ಪಂದ್ಯಾವಳಿ ಹುಟ್ಟುಹಾಕಲು ಒಂದು ಫಾರಂ ತುಂಬಿದರೆ ಮುಗಿಯಿತು: ಹೆಸರು, ಆಟದ ಸಮಯ, ಶುರುವಾಗುವ ಹೊತ್ತು, ಎಷ್ಟು ನಿಮಿಷದ ಪಂದ್ಯಾವಳಿ. ಶುಲ್ಕವಿಲ್ಲ, ಜಾಹೀರಾತೂ ಇಲ್ಲ. ಜೋಡಿ ಹಾಕುವುದು, ಗಡಿಯಾರ ನೋಡುವುದು, ಅಂಕ ಎಣಿಸುವುದು ಎಲ್ಲ ಯಂತ್ರದ ಪಾಲು. ಶಾಲಾ ಬಾಲಕಿಯೊಬ್ಬಳು ಕಾಫಿ ಆರುವುದರೊಳಗೆ ಇಡೀ ಜಿಲ್ಲೆಗೊಂದು ಪಂದ್ಯಾವಳಿ ಏರ್ಪಡಿಸಬಹುದು. ಅಧ್ಯಕ್ಷರು ಎಂಬ ಕಾಲಂ ಆ ಫಾರಂನಲ್ಲಿ ಇಲ್ಲ. ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು ಯಾರಿಗೂ ಅಲ್ಲಿ ಜಾಗವಿಲ್ಲ. ತನ್ನ ಅಗತ್ಯವೇ ಇಲ್ಲದ ಕಾರ್ಯಕ್ರಮವನ್ನು ನಮ್ಮಲ್ಲಿ ಯಾವ ಸಮಿತಿ ತಾನೇ ಸುಮ್ಮನೆ ಬಿಟ್ಟೀತು?

ಹಾಗಾಗಿ ಫ್ಲೆಕ್ಸ್ ಏಳುತ್ತದೆ. ಮೇಲೆ ಸಾಲಾಗಿ ನಾಯಕರ ಮುಖ, ಕೆಳಗೆ ಶುಭಕೋರುವವರ ಮುಖ, ನಡುವೆ ಉಳಿದ ಅಂಗೈಯಗಲ ಜಾಗದಲ್ಲಿ ಗೂಗಲ್‌ನಿಂದ ಎತ್ತಿದ ಚೆಸ್ ಬೋರ್ಡಿನ ಚಿತ್ರ. ಅದರ ಬಲಮೂಲೆಯಲ್ಲಿ ಇರಬೇಕಾದದ್ದು ಬಿಳಿ ಮನೆ, ಇರುವುದು ಕಪ್ಪು. ರಾಜನೂ ಮಂತ್ರಿಯೂ ಜಾಗ ಅದಲುಬದಲು ಮಾಡಿಕೊಂಡು ನಿಂತಿದ್ದಾರೆ. ಇದನ್ನು ಎತ್ತಿ ತೋರಿಸಿದ ಹುಡುಗನಿಗೆ ಸಂಚಾಲಕರು 'ಅದೆಲ್ಲ ಯಾರು ನೋಡ್ತಾರೆ, ಸಾಹೇಬರ ಫೋಟೋ ಚೆನ್ನಾಗಿ ಬಂದಿದೆಯಾ ಹೇಳು' ಎಂದು ಬುದ್ಧಿ ಹೇಳುತ್ತಾರೆ.

ಪಂದ್ಯಾವಳಿಯ ವಾಟ್ಸಾಪ್ ಗುಂಪು ಇನ್ನೊಂದು ಲೋಕ. ಆಟ ಶುರುವಾಗಲು ಹತ್ತು ನಿಮಿಷ ಇರುವಾಗ ಇಣುಕಿ ನೋಡಬೇಕು.

'ಅಣ್ಣಾ ಲಿಂಕ್ ಹಾಕಿ.'

'ಮೇಲೆ ಹಾಕಿದೀನಲ್ಲಪ್ಪ, ನೋಡು.'

'ಯಾವ ಮೇಲೆ?'

'ಪಾಸ್‌ವರ್ಡ್ ತಗೋತಿಲ್ಲ ಸಾರ್.'

'ಹಿಪ್ಪುನೇರಳೆ ಸೊಪ್ಪು ಇದೆ, ಬೇಕಾದವರು ಫೋನ್ ಮಾಡಿ.'

'ಎಷ್ಟು ಎಕರೆದು?'

ಲಿಂಕ್ ತೆರೆಯುವುದರೊಳಗೆ ಸೊಪ್ಪಿನ ವ್ಯವಹಾರ ಕುದುರಿರುತ್ತದೆ. ಶಿಡ್ಲಘಟ್ಟದವರ ಬಗ್ಗೆ ಈ ವಿಷಯದಲ್ಲಿ ನನಗೆ ಅಪಾರ ಗೌರವ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ರೀಲರುಗಳು ಬಿಡ್ ಹಾಕುವುದು ಮೊಬೈಲಿನಲ್ಲೇ. ನಾಲ್ಕು ಗೂಡು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುವುದು, ಒಂದನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವುದು, ಪಕ್ಕದವನು ಎಷ್ಟಕ್ಕೆ ಹೋಗಬಹುದೆಂದು ಅವನ ಮುಖದಲ್ಲಿ ಹುಡುಕುವುದು, ಹೊತ್ತು ಮೀರುವ ಮೊದಲು ಅಂಕಿ ಒತ್ತುವುದು. ತಪ್ಪಿದರೆ ರೇಟಿಂಗ್ ಹೋಗುವುದಲ್ಲ, ಕೈಗಂಟೇ ಹೋಗುತ್ತದೆ. ಜಿಲ್ಲೆಯ ನಿಜವಾದ ಬ್ಲಿಟ್ಜ್ ಅದು. ಯಾರೂ ಬಂದು ದೀಪ ಬೆಳಗಿಸದಿದ್ದರೂ ದಿನಾ ನಡೆಯುತ್ತದೆ.

ಇನ್ನು ಸಮಾರಂಭ. ಆಹ್ವಾನಪತ್ರಿಕೆಯಲ್ಲಿ ಬೆಳಿಗ್ಗೆ 10ಕ್ಕೆ ಉದ್ಘಾಟನೆ, 11ಕ್ಕೆ ಆಟ. ಮುಖ್ಯ ಅತಿಥಿಗಳು ಬರುವುದು ಹನ್ನೆರಡೂವರೆಗೆ. ಅದು ಸಂಪ್ರದಾಯ, ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಆದರೆ ಫ್ರಾನ್ಸಿನ ಸರ್ವರಿಗೆ ಸಂಪ್ರದಾಯ ಗೊತ್ತಿಲ್ಲ. ಫಾರಂನಲ್ಲಿ 11 ಎಂದು ಬರೆದಿದ್ದರೆ 11ಕ್ಕೇ ಆಟ ಶುರು. ಒಬ್ಬೊಬ್ಬರಿಗೆ ಮೂರು ನಿಮಿಷ, ಒಂದು ಮುಗಿದ ಕೂಡಲೇ ಇನ್ನೊಂದು, ಒಟ್ಟು 90 ನಿಮಿಷ. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು, ಸತತ ಎರಡು ಗೆದ್ದವನಿಗೆ ಮೂರನೆಯದರಿಂದ ದುಪ್ಪಟ್ಟು. ಶಾಮಿಯಾನದಡಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಹುಡುಗ ಹುಡುಗಿಯರು ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಕುದುರೆ ಹಾರಿಸುತ್ತಿರುತ್ತಾರೆ. ಕಾರಿನಿಂದಿಳಿದ ಅತಿಥಿಗಳಿಗೆ ಕಾಣುವುದು ತಲೆ ಬಗ್ಗಿಸಿ ಕೂತ ನೂರಾರು ಯುವಜನ. 'ಈ ಕಾಲದಲ್ಲೂ ಇಷ್ಟು ವಿನಯ!' ಎಂದು ಅವರ ಕಣ್ಣು ತೇವವಾಗುತ್ತದೆ.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಗಿಡಕ್ಕೆ ನೀರು, ಮೈಸೂರು ಪೇಟ. ಆಮೇಲೆ ವೇದಿಕೆಯ ಮೇಲೆ ಫೋಟೋಗೆಂದೇ ಇಟ್ಟ ಮರದ ಬೋರ್ಡಿನಲ್ಲಿ ಮುಖ್ಯ ಅತಿಥಿಗಳಿಂದ ಮೊದಲ ನಡೆ. ಆನೆಯನ್ನೆತ್ತಿ ಎದುರಿದ್ದ ತಮ್ಮದೇ ಪದಾತಿಯ ತಲೆ ಮೇಲಿಂದ ದಾಟಿಸಿ ಬೋರ್ಡಿನ ನಡುಮಧ್ಯೆ ಇಡುತ್ತಾರೆ. ಚಪ್ಪಾಳೆ. ಕಾಲಾಳುಗಳ ತಲೆ ಮೇಲೆ ನಡೆದೇ ಅವರು ಈ ಮಟ್ಟಕ್ಕೆ ಬಂದಿರುವುದರಿಂದ ನಡೆ ಅನುಭವಸಿದ್ಧವೇ.

ಭಾಷಣದಲ್ಲಿ ಬರುವುದು ಇಷ್ಟು. ಚದುರಂಗ ನಮ್ಮ ದೇಶದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನೇ ಅರವತ್ನಾಲ್ಕೂ ಮನೆ ಸುತ್ತಿಸುವ ಬಂಧಗಳನ್ನು ರಚಿಸಿದ್ದರು. (ಇದು ನಿಜ, ಬರೆದುಕೊಟ್ಟ ಮೇಷ್ಟ್ರಿಗೆ ನಮಸ್ಕಾರ.) ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ, ನಮ್ಮ ಜಿಲ್ಲೆಯಿಂದಲೂ ಒಬ್ಬ ಗುಕೇಶ್ ಬರಬೇಕು. ರಾಜಕೀಯವೂ ಒಂದು ಚದುರಂಗದಾಟ. ಈ ಕೊನೆಯ ವಾಕ್ಯ ಬಂದಾಗ ಇನ್ನರ್ಧ ಗಂಟೆ ಇದೆಯೆಂದು ಲೆಕ್ಕ.

ಲೀಚೆಸ್ಸಿನಲ್ಲಿ ಬರ್ಸರ್ಕ್ ಎಂಬ ಗುಂಡಿಯಿದೆ. ಆಟದ ಆರಂಭದಲ್ಲಿ ಅದನ್ನು ಒತ್ತಿದರೆ ನಿಮ್ಮ ಸಮಯ ಅರ್ಧಕ್ಕಿಳಿಯುತ್ತದೆ, ಗೆದ್ದರೆ ಒಂದು ಅಂಕ ಹೆಚ್ಚು. ಮೈಕಿಗೆ ಈ ಗುಂಡಿ ಜೋಡಿಸುವ ಬಗ್ಗೆ ತಾಂತ್ರಿಕ ಕಾಲೇಜುಗಳು ಯೋಚಿಸಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕೂಗಳತೆಯಲ್ಲಿದೆ, ಸ್ಫೂರ್ತಿಗೇನೂ ಬರವಿಲ್ಲ.

'ಈಗ ಪಂದ್ಯಾವಳಿಗೆ ಅಧಿಕೃತ ಚಾಲನೆ ದೊರೆತಿದೆ' ಎಂದು ನಿರೂಪಕರು ಘೋಷಿಸುವ ಹೊತ್ತಿಗೆ ಪಂದ್ಯಾವಳಿ ಮುಗಿದು ಒಂದು ಗಂಟೆಯಾಗಿರುತ್ತದೆ. ಇದು ಗೊತ್ತಾದಾಗ ಸಮಿತಿಯವರು ಗಾಬರಿಯಾಗುವುದಿಲ್ಲ, ಉದ್ಘಾಟನೆ ಮತ್ತು ಸಮಾರೋಪ ಒಂದೇ ವೇದಿಕೆಯಲ್ಲಿ ಆಯಿತೆಂದು ಸಂತೋಷಪಡುತ್ತಾರೆ. ಬಹುಮಾನ ವಿತರಣೆಗೆ ಪಟ್ಟಿ ಬರುತ್ತದೆ. ಆಟಗಾರರು ಜಾಲತಾಣದಲ್ಲಿ ಇಟ್ಟುಕೊಂಡ ಹೆಸರುಗಳೇ ಅದರಲ್ಲಿವೆ. ನಿರೂಪಕರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, 'ಪ್ರಥಮ ಸ್ಥಾನ ಗಳಿಸಿದ ಶ್ರೀಯುತ ಕಿಲ್ಲರ್ ಕುದುರೆ ಅಂಡರ್‌ಸ್ಕೋರ್ 77 ಅವರು ದಯವಿಟ್ಟು ವೇದಿಕೆಗೆ ಆಗಮಿಸಬೇಕು' ಎಂದು ಕೋರುತ್ತಾರೆ.

ಶ್ರೀಯುತ ಕಿಲ್ಲರ್ ಕುದುರೆಗೆ ಒಂಬತ್ತು ವರ್ಷ. ಅವನ ನಡೆಗಳ ನಿಖರತೆ, ಯಂತ್ರದ ಲೆಕ್ಕದಲ್ಲಿ, ನೂರಕ್ಕೆ 98.

ಈಗ ಸ್ವಲ್ಪ ಹಳೆಯ ಮಾತು. 2021ರ ಜೂನ್ 13ರಂದು ಅಕ್ಷಯಪಾತ್ರೆಯ ಕೋವಿಡ್ ನೆರವಿಗೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಗಣ್ಯರ ಜೊತೆ ಆನ್‌ಲೈನಿನಲ್ಲಿ ಚೆಸ್ ಆಡಿದರು. ಕಿಚ್ಚ ಸುದೀಪ್, ಆಮಿರ್ ಖಾನ್, ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಝೆರೋಧಾದ ನಿಖಿಲ್ ಕಾಮತ್ ಎಲ್ಲ ಇದ್ದರು. ನಟರು ಮರ್ಯಾದೆಯಾಗಿ ಸೋತರು. ಕಾಮತ್ ಗೆದ್ದರು, ಅದೂ ಐದು ಬಾರಿಯ ವಿಶ್ವ ಚಾಂಪಿಯನ್ ಮೇಲೆ. ಮರುದಿನ, ಕಂಪ್ಯೂಟರಿನ ಮತ್ತು ಬಲ್ಲವರ ಸಹಾಯ ಇತ್ತೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಚೆಸ್.ಕಾಮ್ ಜಾಲತಾಣ ಅವರ ಖಾತೆ ಮುಚ್ಚಿತು, ಆಮೇಲೆ ತೆರೆಯಿತು. ಆನಂದ್, ತಾನು ಬೋರ್ಡಿನ ಮೇಲಿದ್ದುದನ್ನು ನೋಡಿ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದಷ್ಟೇ ಹೇಳಿ ಸುಮ್ಮನಾದರು. ನಮ್ಮ ಕಡೆಯ ಜಾಣ ಅಪ್ಪಂದಿರು ಇದರಿಂದ ಕಲಿತ ಪಾಠ ಒಂದೇ: ಕದ್ದು ಆಡುವುದಾದರೆ ಆನಂದ್ ಮೇಲೆ ಆಡಬಾರದು, ಪಕ್ಕದ ವಾರ್ಡಿನವನ ಮೇಲೆ ಆಡಬೇಕು.

ಕಳ್ಳತನ ಹಿಡಿಯುವುದು ಏನೂ ಕಷ್ಟವಲ್ಲ. ಮನುಷ್ಯನಾದವನು ಎದುರಾಳಿ ಒಂಟೆ ಹೊಡೆದರೆ ಕಣ್ಣು ಮಿಟುಕಿಸುವುದರೊಳಗೆ ತಿರುಗಿ ಹೊಡೆಯುತ್ತಾನೆ, ಮಂತ್ರಿಯನ್ನು ಬಲಿಕೊಡಬೇಕಾದರೆ ಮೂರು ಸಲ ಉಗುಳು ನುಂಗುತ್ತಾನೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಸ್ಟಾಕ್‌ಫಿಶ್ ಎಂಬ ಚೆಸ್ ತಂತ್ರಾಂಶ ನೋಡಿಕೊಂಡು ಆಡುವವನಿಗೆ ಎರಡಕ್ಕೂ ನಾಲ್ಕೇ ಸೆಕೆಂಡು. ಅಪ್ಪ ನೋಡಿ ಹೇಳಬೇಕು, ಮಗ ಕೇಳಿ ಒತ್ತಬೇಕು. ಅದಕ್ಕೆ ತಗಲುವ ಸಮಯ ಅಷ್ಟು. ಇಂಥ ಮಕ್ಕಳು ವೇದಿಕೆಯ ಮೇಲೆ ಪದಕ ಹಾಕಿಸಿಕೊಳ್ಳುವಾಗ ಅಪ್ಪನ ಮುಖ ನೋಡುತ್ತಾರೆ, ಕತ್ತು ಎತ್ತಲೋ ಬಗ್ಗಿಸಲೋ ಎಂದು.

ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿದ, ಬೆಂಗಳೂರು ವಿಶ್ವವಿದ್ಯಾಲಯದ ಆಗಿನ ಕುಲಪತಿ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅವರ ನೆಲದಲ್ಲಿ ಒಂಬತ್ತು ವರ್ಷದ ಪವಾಡವನ್ನು ಪರೀಕ್ಷಿಸೋಣ ಅಂದರೆ 'ಮಗು ಮನಸ್ಸು ನೋಯುತ್ತೆ ಬಿಡಿ ಸಾರ್' ಎಂದು ಸಮಿತಿಯೇ ತಡೆಯುತ್ತದೆ. ಮಗುವಿನ ಮನಸ್ಸಿಗಿಂತ ಅಪ್ಪ ಬರೆದ ಚಂದಾದ ಚೀಟಿ ನೋಯುತ್ತದೆಂಬ ಭಯ. ಅದೇ ಮಗು ಚೆಸ್ ಕಲಿಯುವ ಕೋಣೆಯಲ್ಲೇ ಅಬಾಕಸ್ಸೂ ಸುಂದರ ಕೈಬರಹವೂ ನಡೆಯುತ್ತದೆ, ಮೂರಕ್ಕೂ ಒಬ್ಬರೇ ಮೇಡಂ. ಅವರು ಪ್ರಾಮಾಣಿಕರು. 'ಕುದುರೆ ನಡೆ ಮುಂದಿನ ತಿಂಗಳು ಶುರು ಮಾಡ್ತೀವಿ' ಎಂದು ಅವರು ಹೇಳಿದ್ದನ್ನು ಕಿಲ್ಲರ್ ಕುದುರೆಯ ಅಪ್ಪ ಯಾರಿಗೂ ಹೇಳಿಲ್ಲ.

ಸೋತವರ ಗತಿ? ಯಾರೂ ಸೋತಿಲ್ಲ, ಎಲ್ಲರಿಗೂ ನೆಟ್ ಹೋಗಿದೆ. ಗೆಲ್ಲುವ ಆಟದಲ್ಲೇ ನೆಟ್ ಹೋಗುತ್ತದೆ, ಸೋಲುವ ಆಟದಲ್ಲಿ ಹೋದ ದಾಖಲೆಯಿಲ್ಲ. ಚಿಂತಾಮಣಿಯ ಒಬ್ಬರು ಲಿಖಿತ ಮನವಿಯನ್ನೇ ತಂದಿರುತ್ತಾರೆ. 2020ರ ಆಗಸ್ಟ್ 30ರಂದು ಆನ್‌ಲೈನ್ ಒಲಿಂಪಿಯಾಡಿನ ಫೈನಲ್ಲಿನಲ್ಲಿ ನಿಹಾಲ್ ಸರೀನ್, ದಿವ್ಯಾ ದೇಶಮುಖ್ ಇಬ್ಬರ ಸಂಪರ್ಕ ಕಡಿದು, ಭಾರತ ಮೇಲ್ಮನವಿ ಸಲ್ಲಿಸಿ, ಕೊನೆಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಭಾರತ ಮತ್ತು ರಷ್ಯಾ ಎರಡಕ್ಕೂ ಚಿನ್ನ ಕೊಟ್ಟಿತಲ್ಲ, ಆ ಪ್ರಕಾರ ತಮಗೂ ಜಂಟಿ ಪ್ರಥಮ ಕೊಡಬೇಕು. ಅವರು ಬಂದಿದ್ದು ನಲವತ್ತೊಂದನೇ ಸ್ಥಾನ. ಮನವಿಯ ಗಟ್ಟಿತನ ನೋಡಿ ನಲವತ್ತನೆಯವರೂ ಸಹಿ ಹಾಕುತ್ತಾರೆ.

ಬಾಗೇಪಲ್ಲಿ, ಗುಡಿಬಂಡೆಯವರು ತಮ್ಮನ್ನು ಕರೆಯಲಿಲ್ಲವೆಂದು ಪ್ರತ್ಯೇಕ ಪಂದ್ಯಾವಳಿ ಘೋಷಿಸಿದ್ದಾರೆ. ಅವರಿಗೂ ಸ್ಥಳ ಇನ್ನೂ ಇತ್ಯರ್ಥವಾಗಿಲ್ಲ.

ಕೊನೆಗೆ ಲೆಕ್ಕಪತ್ರದ ಸಭೆ. ಖಜಾಂಚಿ ಹಾಳೆ ಹಿಡಿದು ನಿಲ್ಲುತ್ತಾರೆ. ಮಂಟಪದ ಬಾಡಿಗೆ, ಶಾಮಿಯಾನ, ಫ್ಲೆಕ್ಸ್, ಚಿಕ್ಕಬಳ್ಳಾಪುರದ ಹೂವಿನ ಹಾರ, ಪೇಟ, ಶಾಲು, ಸ್ಮರಣಿಕೆ, ಡ್ರೋನ್, ಊಟ. ಊಟದ ಮೊತ್ತ ನೋಡಿದರೆ ಭೀಮ ಕೈವಾರದಲ್ಲಿ ಬಕಾಸುರನನ್ನು ಕೊಂದ ಕಥೆಯ ಬಗ್ಗೆಯೇ ಅನುಮಾನ ಬರುತ್ತದೆ. ಜಾಲತಾಣದ ಖರ್ಚು ಸೊನ್ನೆ. ಇಂಟರ್ನೆಟ್ ಖರ್ಚು ಸೊನ್ನೆ, ಆಟಗಾರರದ್ದೇ ಡೇಟಾ. ಕೊನೆಯ ಸಾಲು 'ಇತರೆ', ಮೇಲಿನ ಎಲ್ಲ ಸಾಲುಗಳನ್ನು ಕೂಡಿದರೂ ಅದಕ್ಕೆ ಸಮವಾಗದು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, 'ಇತರೆ ಅಂದರೆ ಏನು ಸಾರ್?' ಎಂದು ಕೇಳುತ್ತಾನೆ.

ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು ಮೈಕ್ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. 'ಸಮಯದ ಅಭಾವ ಇರೋದರಿಂದ, ಲೆಕ್ಕಪತ್ರ ಓದಲಾಗಿದೆ ಅಂತ ಭಾವಿಸಿ, ವಂದನಾರ್ಪಣೆ ಮಾಡಬೇಕಾಗಿ ಕೋರುತ್ತೇನೆ.'